ಬೀರುವಿನ ಚೀಟಿ ಕಿತ್ತ ಮೇಲೆ

ಶಾಲೆಯ ಲೈಬ್ರರಿಯ ಉಸ್ತುವಾರಿ ನನ್ನ ಹೆಗಲಿಗೆ ಬಂದಾಗ ಅಲ್ಲಿ ಪುಸ್ತಕಗಳು ಸಾಕಷ್ಟಿದ್ದವು. ಮನೆಗೆ ತೆಗೆದುಕೊಂಡು ಹೋಗುವವರು ಮಾತ್ರ ಯಾವಾಗಲೂ ಅದೇ ನಾಲ್ಕಾರು ಮಕ್ಕಳು. ಬೀರುಗಳ ಮೇಲೆ ದಪ್ಪಕ್ಷರದ ಚೀಟಿ ಅಂಟಿಸಿದ್ದರು. ಒಂದರ ಮೇಲೆ ‘1–2ನೇ ತರಗತಿ’, ಪಕ್ಕದ್ದರ ಮೇಲೆ ‘3–4’, ಅದರಾಚೆಗೆ ‘5ರಿಂದ 7’. ನೋಡೋಕೆ ಅಚ್ಚುಕಟ್ಟಾಗಿತ್ತು. ಏಳನೇ ತರಗತಿಯವರು ಲೈಬ್ರರಿ ಪೀರಿಯಡ್‌ಗೆ ಬಂದರೆ ಸೀದಾ ಕೊನೆಯ ಬೀರುವಿನ ಮುಂದೆ ನಿಲ್ಲುತ್ತಿದ್ದರು. ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಹೋಗಿ ಕೂರುತ್ತಿದ್ದರು.

ಇಶ್ಯೂ ರಿಜಿಸ್ಟರ್ ತಿರುವಿ ಹಾಕಿದೆ. ದೊಡ್ಡ ತರಗತಿಯ ಎಷ್ಟೋ ಮಕ್ಕಳ ಹೆಸರಿನ ಮುಂದೆ ಒಂದು ಪುಸ್ತಕವೂ ಇರಲಿಲ್ಲ. ಕಾರಣ ಹುಡುಕಲು ಬಹಳ ಕಷ್ಟಪಡಬೇಕಾಗಲಿಲ್ಲ. ಅವರು ಸಲೀಸಾಗಿ ಓದಬಹುದಾದ ಪುಸ್ತಕಗಳು ಮೊದಲನೇ ಬೀರುವಿನಲ್ಲಿದ್ದವು. ಅಲ್ಲಿಗೆ ಹೋಗಿ ಕೈ ಹಾಕಿದರೆ ಇಡೀ ಕ್ಲಾಸು ನೋಡುತ್ತದೆ. ಮೀಸೆ ಚಿಗುರುವ ವಯಸ್ಸಿನ ಹುಡುಗ ಅಂಥ ಕೆಲಸ ಮಾಡ್ತಾನಾ? ಹಾಗಾಗಿ ದಪ್ಪನೆಯ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ಚಿತ್ರ ಇರುವ ಪುಟ ಹುಡುಕುತ್ತಾ ಪೀರಿಯಡ್ ಕಳೆಯುತ್ತಿದ್ದರು. ಇನ್ನೊಂದು ತುದಿಯಲ್ಲಿ ಮೂರನೇ ತರಗತಿಯ ಒಬ್ಬಳಿದ್ದಳು. ತನ್ನ ಬೀರುವನ್ನು ಪೂರ್ತಿ ಓದಿ ಮುಗಿಸಿದ್ದಳು. ಮುಂದಿನ ಬೀರು ಮುಟ್ಟುವಂತಿಲ್ಲ. ಓದಿದ್ದನ್ನೇ ಮತ್ತೆ ಮತ್ತೆ ಓದುತ್ತಿದ್ದಳು.

ಒಂದೇ ಕ್ಲಾಸಿನಲ್ಲಿ ಅಕ್ಷರ ಕೂಡಿಸಿ ಓದುವವರೂ ಇರುತ್ತಾರೆ, ಕಾದಂಬರಿ ಓದುವವರೂ ಇರುತ್ತಾರೆ. ಪಾಠ ಮಾಡುವ ಎಲ್ಲರಿಗೂ ಇದು ಗೊತ್ತು. ಆದರೂ ಪುಸ್ತಕ ಜೋಡಿಸುವಾಗ ಮಾತ್ರ ಹಾಜರಿ ಪುಸ್ತಕದ ಲೆಕ್ಕವೇ ನಡೆಯುತ್ತದೆ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರೆದಿಟ್ಟಿದ್ದರು. ಪ್ರತಿ ಓದುಗರಿಗೂ ಅವರವರ ಪುಸ್ತಕ ಸಿಗಬೇಕು ಅನ್ನುವುದು ಎರಡನೆಯದು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನುವುದು ಮೂರನೆಯದು. ನಮ್ಮ ಚೀಟಿಗಳು ಈ ಎರಡಕ್ಕೂ ಅಡ್ಡ ನಿಂತಿದ್ದವು.

ಚೀಟಿ ಕೀಳುವುದು ಒಂದು ನಿಮಿಷದ ಕೆಲಸ. ಅದರ ಜಾಗಕ್ಕೆ ಏನು ತರಬೇಕು ಅನ್ನುವುದೇ ನಿಜವಾದ ತಲೆನೋವು.

ಮೊದಲು ಕಸ ತೆಗೆಯಬೇಕಿತ್ತು. ಟೆಕ್ಸಸ್‌ನ ಗ್ರಂಥಾಲಯಗಳಿಗಾಗಿ 1976ರಲ್ಲಿ ಬಂದ ‘ಕ್ರೂ’ ಅನ್ನುವ ಕೈಪಿಡಿಯೊಂದಿದೆ. ಯಾವ ಪುಸ್ತಕ ಇಟ್ಟುಕೊಳ್ಳಬೇಕು, ಯಾವುದನ್ನು ತೆಗೆಯಬೇಕು ಅಂತ ನೋಡಲು ಈಗಲೂ ಬಹಳ ಕಡೆ ಅದನ್ನೇ ಬಳಸುತ್ತಾರೆ. ತಪ್ಪು ಮಾಹಿತಿ ಇದೆಯಾ, ರಿಪೇರಿ ಆಗದಷ್ಟು ಹಾಳಾಗಿದೆಯಾ, ಇದಕ್ಕಿಂತ ಹೊಸದು ಬಂದಿದೆಯಾ, ಯಾರಿಗಾದರೂ ಬೇಕಾ, ಇಂಥ ಪ್ರಶ್ನೆಗಳು. ಪ್ಲೂಟೋವನ್ನು ಒಂಬತ್ತನೇ ಗ್ರಹ ಅಂತ ಹೇಳುವ ಪುಸ್ತಕ ನಮ್ಮಲ್ಲಿ ಒಂದಲ್ಲ, ಹಲವು ಇದ್ದವು. 2006ರಲ್ಲೇ ಅದನ್ನು ಕುಬ್ಜ ಗ್ರಹ ಅಂತ ಕರೆದಾಯಿತು. ಸ್ಟಾಕ್ ರಿಜಿಸ್ಟರ್‌ನಲ್ಲಿ ಇರುವ ಪುಸ್ತಕ ತೆಗೆಯುವುದೆಂದರೆ ನಮ್ಮವರಿಗೆ ಜೀವ ಹೋದಂತೆ. ‘ಇರಲಿ ಬಿಡಿ ಮೇಡಂ, ಲೆಕ್ಕಕ್ಕಾದರೂ ಇರುತ್ತೆ’ ಅಂದರು ಸಹೋದ್ಯೋಗಿಯೊಬ್ಬರು. ಲೆಕ್ಕಕ್ಕಿದ್ದ ಪುಸ್ತಕಗಳ ಹಿಂದೆ ಓದಬೇಕಾದ ಪುಸ್ತಕಗಳು ಅಡಗಿ ಕೂತಿದ್ದವು. ರೈಟ್ ಆಫ್ ಮಾಡಲು, ಅಂದರೆ ಲೆಕ್ಕದಿಂದ ತೆಗೆದುಹಾಕಲು, ಸಹಿ ಹಾಕಿಸಿಕೊಳ್ಳುವ ಕಥೆ ಬೇರೆಯೇ ಇದೆ, ಅದು ಇಲ್ಲಿ ಬೇಡ. ಅಂತೂ ಬೀರು ಹಗುರಾಯಿತು.

ಉಳಿದ ಪುಸ್ತಕಗಳನ್ನು ಓದಿನ ಕಷ್ಟ ನೋಡಿ ವಿಂಗಡಿಸಬೇಕು. ಹೇಗೆ? ಇಂಗ್ಲಿಷಿನಲ್ಲಾದರೆ ಇದಕ್ಕೆ ಅಳತೆಗೋಲುಗಳು ಬೇಕಾದಷ್ಟಿವೆ. ರುಡಾಲ್ಫ್ ಫ್ಲೆಶ್ 1948ರಲ್ಲಿ ಕೊಟ್ಟ ಸೂತ್ರ ಎರಡೇ ವಿಷಯ ನೋಡುತ್ತದೆ. ಒಂದು, ವಾಕ್ಯ ಎಷ್ಟು ಉದ್ದ. ಇನ್ನೊಂದು, ಪದದಲ್ಲಿ ಎಷ್ಟು ಉಚ್ಚಾರದ ತುಂಡುಗಳಿವೆ. ಕನ್ನಡಕ್ಕೆ ಇದನ್ನು ಹಾಕಿ ನೋಡಿದರೆ ನಗು ಬರುತ್ತದೆ. ‘ಮನೆಯಲ್ಲಿದ್ದಾಳಂತೆ’ ಅನ್ನುವುದು ಒಂದೇ ಪದ. ಸೂತ್ರದ ಪ್ರಕಾರ ಭಾರೀ ಕಷ್ಟದ್ದು. ಒಂದನೇ ತರಗತಿಯ ಮಗು ದಿನಕ್ಕೆ ಹತ್ತು ಸಲ ಇಂಥ ಮಾತಾಡುತ್ತದೆ. ‘ಸ್ವಪ್ನ’ ಅನ್ನುವುದರಲ್ಲಿ ಎರಡೇ ಅಕ್ಷರ. ಸೂತ್ರಕ್ಕೆ ಅದು ಸುಲಭ. ಮಗುವಿಗೆ ಎರಡು ಅಕ್ಷರದಲ್ಲೂ ಒತ್ತು, ಅರ್ಥವೂ ಗೊತ್ತಿಲ್ಲ.

ಹಾಗಾಗಿ ಕನ್ನಡ ಪುಸ್ತಕವನ್ನು ಕನ್ನಡದ ಕಣ್ಣಿನಲ್ಲೇ ನೋಡಬೇಕಾಯಿತು. ಮೊದಲು ಒತ್ತಕ್ಷರ. ‘ಅಕ್ಕ’, ‘ಹಳ್ಳಿ’, ‘ಬೆಟ್ಟ’ ಥರದವು, ಅಂದರೆ ಅದೇ ಅಕ್ಷರಕ್ಕೆ ಅದೇ ಒತ್ತು ಬರುವಂಥವು, ಮಕ್ಕಳಿಗೆ ಬೇಗ ಒಲಿಯುತ್ತವೆ. ‘ಸ್ನೇಹ’, ‘ಭಕ್ತಿ’, ‘ಪ್ರಶ್ನೆ’ ಬಂದರೆ ಸ್ವಲ್ಪ ನಿಂತು ಓದುತ್ತಾರೆ. ‘ರಾಷ್ಟ್ರ’, ‘ಶಾಸ್ತ್ರ’ದಲ್ಲಿ ಒತ್ತಿನ ಮೇಲೆ ಒತ್ತು ಕೂರುತ್ತದೆ, ಅಲ್ಲಿ ಗಾಡಿ ನಿಂತೇ ಹೋಗುತ್ತದೆ. ಅರ್ಕಾವೊತ್ತಿನದು ಇನ್ನೊಂದು ಗೋಳು. ‘ಸೂರ್ಯ’ ಅನ್ನುವಾಗ ರಕಾರ ಮೊದಲು ನುಡಿಯಬೇಕು, ಅದರ ಗುರುತು ಮಾತ್ರ ಯಕಾರದ ಆಮೇಲೆ ಬರುತ್ತದೆ. ‘ಸೂಯರ’ ಅಂತ ಓದಿದ ಮಗುವನ್ನು ಬೈಯುವ ಹಾಗಿಲ್ಲ. ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದೆ, ಪಾಪ.

ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಇಂಗ್ಲಿಷಿನ 26 ಅಕ್ಷರ ಕಲಿಯುವ ವೇಗವನ್ನು ಇಲ್ಲಿ ನಿರೀಕ್ಷಿಸಬಾರದು ಅನ್ನುವುದು ಅದರಿಂದ ತಿಳಿಯುತ್ತದೆ. ಕಾಗುಣಿತ, ಒತ್ತು ಎಲ್ಲ ಸೇರಿ ಕೈವಶವಾಗುವ ಕೆಲಸ ಮೂರು, ನಾಲ್ಕನೇ ತರಗತಿವರೆಗೂ ನಡೆದೇ ಇರುತ್ತದೆ. ಇದನ್ನು ಓದಿದಾಗ ನನಗೆ ನಿರಾಳವಾಯಿತು. ‘ಮೂರನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಬರಲ್ಲ’ ಅಂತ ನಾವು ಸ್ಟಾಫ್ ರೂಮಿನಲ್ಲಿ ತಲೆ ಚಚ್ಚಿಕೊಳ್ಳುವುದು ಇದ್ದೇ ಇದೆಯಲ್ಲ. ಅಷ್ಟು ಹೊತ್ತಿಗೆ ಪೂರ್ತಿ ಬರಬೇಕು ಅನ್ನುವ ನಿರೀಕ್ಷೆಯೇ ಅತಿಯಾಯಿತು.

ಒತ್ತಕ್ಷರ ಎಣಿಸಿದರೆ ಮುಗಿಯಲಿಲ್ಲ. ಆಡುಮಾತಿಗೆ ಹತ್ತಿರ ಇದೆಯಾ, ಗ್ರಾಂಥಿಕವಾ ಅಂತ ನೋಡಬೇಕು. ‘ಹೋಗಿ ನೋಡಿದ’ ಅನ್ನುವ ಕಡೆ ‘ತೆರಳಿ ಅವಲೋಕಿಸಿದನು’ ಅಂತಿದ್ದರೆ ಕಥೆ ಎಷ್ಟೇ ಚಿಕ್ಕದಿದ್ದರೂ ಅದು ಮೇಲಿನ ಹಂತಕ್ಕೇ. ಆಮೇಲೆ ಅಚ್ಚು. ಅಕ್ಷರ ಸಣ್ಣದಾಗಿ, ಸಾಲುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕನ್ನಡಕ್ಕೆ ಸಾಲಿನ ನಡುವೆ ಜಾಗ ಜಾಸ್ತಿ ಬೇಕು. ಮಕ್ಕಳ ಪುಸ್ತಕ ಅಚ್ಚು ಹಾಕಿಸುವವರಲ್ಲೇ ಎಷ್ಟೋ ಜನ ಇದನ್ನು ಮರೆಯುತ್ತಾರೆ. ಸಾಲಿನ ಕೊನೆಯಲ್ಲಿ ಪದ ಮುರಿದು ಕೆಳಗಿನ ಸಾಲಿಗೆ ಹಾಕಿದ ಪುಸ್ತಕವೂ ಹೊಸ ಓದುಗರಿಗೆ ಕಷ್ಟವೇ.

ಹಂತ ಎಷ್ಟಿರಬೇಕು ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಮಕ್ಕಳ ಪುಸ್ತಕಗಳ ಪ್ರಕಾಶನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ಡಿಜಿಟಲ್ ಕಥಾ ಸಂಗ್ರಹದಲ್ಲಿ ನಾಲ್ಕು ಹಂತಗಳಿವೆ. 250 ಪದದ ಒಳಗಿನದು ಮೊದಲನೆಯದು. 600ರವರೆಗೆ ಎರಡನೆಯದು. 1500ರವರೆಗೆ ಮೂರನೆಯದು. ಅದಕ್ಕಿಂತ ದೊಡ್ಡದು ನಾಲ್ಕನೆಯದು. ಪದ ಬಳಕೆ, ಕಥೆಯ ಸಂಕೀರ್ಣತೆ ಕೂಡ ಲೆಕ್ಕಕ್ಕೆ ಬರುತ್ತದೆ. ನಾನೂ ಅದೇ ನಾಲ್ಕನ್ನು ಇಟ್ಟುಕೊಂಡೆ. ಇಂಗ್ಲಿಷ್ ಪುಸ್ತಕಗಳಿಗೆ ಎ ಇಂದ ಜಡ್‌ವರೆಗೆ 26 ಹಂತ ಮಾಡುವ ಪದ್ಧತಿಯೂ ಇದೆ. ನಮ್ಮಂಥ ಪುಟ್ಟ ಲೈಬ್ರರಿಗೆ ಅಷ್ಟು ನಾಜೂಕು ಬೇಡ. ಎರಡು ಪಕ್ಕದ ಹಂತಗಳ ನಡುವೆ ವ್ಯತ್ಯಾಸ ನನಗೇ ಕಾಣದಿದ್ದರೆ ಮಗುವಿಗೆ ಹೇಗೆ ಕಾಣಬೇಕು?

ನಾನು ಹಾಕಿದ ಹಂತ ಸರಿಯಾ ಅಂತ ಹೇಳಬೇಕಾದವರು ಮಕ್ಕಳೇ. ಅದಕ್ಕೆ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಜೋರಾಗಿ ಓದಿಸಿದೆ. ನ್ಯೂಜಿಲೆಂಡಿನ ಮೇರಿ ಕ್ಲೇ ರೂಢಿಗೆ ತಂದ ವಿಧಾನ ಇದು. ಮಗು ಓದುತ್ತಾ ಹೋದಂತೆ ಸರಿಯಾಗಿ ಓದಿದ ಪದಕ್ಕೆ ಒಂದು ಗೀಟು, ಎಡವಿದ ಪದಕ್ಕೆ ಬೇರೆ ಗುರುತು. ನೂರಕ್ಕೆ 95 ಅಥವಾ ಅದಕ್ಕಿಂತ ಹೆಚ್ಚು ಪದ ಸರಿ ಬಂದರೆ ಆ ಪುಸ್ತಕವನ್ನು ಮಗು ತಾನೇ ಓದಿಕೊಳ್ಳುತ್ತದೆ. 90ರಿಂದ 94 ಆದರೆ ಪಕ್ಕದಲ್ಲಿ ಯಾರಾದರೂ ಬೇಕು. 90ಕ್ಕಿಂತ ಕಡಿಮೆ ಆದರೆ ಸದ್ಯಕ್ಕೆ ಅದನ್ನು ನಾವು ಓದಿ ಹೇಳಬೇಕು. ಕನ್ನಡದಲ್ಲಿ ನೂರು ಪದ ಅಂದರೆ ಬಹಳ ಆಯಿತು, ಚಿಕ್ಕವರಿಗೆ ಉಸಿರು ಕಟ್ಟುತ್ತದೆ. ನಾನು ಐವತ್ತಕ್ಕೆ ನಿಲ್ಲಿಸುತ್ತಿದ್ದೆ.

ಗೀಟು ಎಳೆಯುವುದಕ್ಕಿಂತ ಮಕ್ಕಳು ಎಡವುವ ರೀತಿ ನೋಡುವುದರಲ್ಲೇ ಹೆಚ್ಚು ಗೊತ್ತಾಗುತ್ತಿತ್ತು. ಐದನೇ ತರಗತಿಯ ಒಬ್ಬ ಹುಡುಗಿ ‘ಇಲಿ ಬಿಲದೊಳಗೆ ನುಗ್ಗಿತು’ ಅನ್ನುವುದನ್ನು ‘ಇಲಿ ಬಿಲದೊಳಗೆ ಹೋಯ್ತು’ ಅಂತ ಓದಿದಳು. ಗುರುತಿನ ಲೆಕ್ಕದಲ್ಲಿ ತಪ್ಪು. ಆದರೆ ಅವಳಿಗೆ ಕಥೆ ಅರ್ಥವಾಗಿದೆ, ಮುಂದೇನು ಅಂತ ಮನಸ್ಸು ಓಡುತ್ತಿದೆ. ಅದೇ ಕ್ಲಾಸಿನ ಇನ್ನೊಬ್ಬ ಒಂದು ಪದವನ್ನೂ ಬಿಡದೆ, ತಪ್ಪದೆ ಪುಟ ಮುಗಿಸಿದ. ‘ಇಲಿ ಎಲ್ಲಿಗೆ ಹೋಯ್ತೋ?’ ಅಂದೆ. ನನ್ನ ಮುಖ ನೋಡಿದ. ‘ಯಾವ ಇಲಿ ಟೀಚರ್?’ ಅವನಿಗೆ ಅಕ್ಷರ ಕಲಿಸಬೇಕಾದ್ದೇನೂ ಇಲ್ಲ. ಮಾತಾಡಿಸುತ್ತಾ ಓದಿಸಬೇಕು. ಇವರಿಬ್ಬರಿಗೂ ಒಂದೇ ಹಂತ ಅಂತ ಬರೆದುಕೊಂಡರೆ ಏನೂ ಪ್ರಯೋಜನ ಇಲ್ಲ ಅಲ್ವಾ?

ಹಂತ ಗೊತ್ತಾಯಿತು, ಇನ್ನು ಅದನ್ನು ಪುಸ್ತಕದ ಮೇಲೆ ಎಲ್ಲಿ ಬರೆಯುವುದು? ಬೆನ್ನಿನ ಮೇಲೆ ಬಣ್ಣದ ಸ್ಟಿಕರ್ ಅಂಟಿಸೋಣ ಅಂತ ಸ್ಟಾಫ್ ಮೀಟಿಂಗ್‌ನಲ್ಲಿ ಎಲ್ಲರೂ ಅಂದರು. ಕೆಂಪು, ಹಳದಿ, ಹಸಿರು, ನೀಲಿ. ಹುಡುಕಲು ಸುಲಭ, ವಾಪಸ್ ಇಡಲೂ ಸುಲಭ. ನಾನು ಒಪ್ಪಲಿಲ್ಲ. ಒಂದೇ ವಾರದಲ್ಲಿ ‘ಅವನಿನ್ನೂ ಕೆಂಪು’ ಅನ್ನುವ ಮಾತು ಶುರುವಾಗುತ್ತದೆ. ತರಗತಿ ಚೀಟಿ ಹೋಗಿ ಬಣ್ಣದ ಚೀಟಿ ಬಂದ ಹಾಗಾಯಿತು, ಅಷ್ಟೇ. ಅಮೆರಿಕದ ಶಾಲಾ ಗ್ರಂಥಪಾಲಕರ ಸಂಘ 2011ರಲ್ಲಿ ಇದರ ವಿರುದ್ಧವೇ ಒಂದು ನಿಲುವು ಪ್ರಕಟಿಸಿದೆ. ಮಗುವಿನ ಓದಿನ ಮಟ್ಟ ಖಾಸಗಿ ವಿಷಯ, ಪುಸ್ತಕದ ಬೆನ್ನಿನ ಮೇಲೆ ಅದನ್ನು ಎಲ್ಲರಿಗೂ ಕಾಣುವಂತೆ ಬರೆಯುವುದು ಸರಿಯಲ್ಲ ಅನ್ನುವುದು ಅದರ ಸಾರ. ಹೊರಗಿನ ಲೈಬ್ರರಿಗೆ ಹೋದಾಗ ಅಲ್ಲಿ ಬಣ್ಣ ಇರಲ್ಲ, ಆಗ ಮಗು ಪುಸ್ತಕ ಆರಿಸುವುದು ಹೇಗೆ ಅನ್ನುವ ಪ್ರಶ್ನೆಯೂ ಇದೆ. ಮೀಟಿಂಗ್‌ನಲ್ಲಿ ಇದನ್ನೆಲ್ಲ ಹೇಳಿದೆ. ‘ಹಾಗಾದರೆ ಅಷ್ಟು ಕಷ್ಟಪಟ್ಟು ಹಂತ ಮಾಡಿದ್ದು ಯಾಕೆ?’ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹಂತ ಬೇಕಾಗಿರುವುದು ನಮಗೆ, ಪುಸ್ತಕ ಕೊಡುವವರಿಗೆ. ಕೊನೆಗೆ ಹಿಂದಿನ ರಟ್ಟಿನ ಒಳಗೆ, ಮೂಲೆಯಲ್ಲಿ, ಪೆನ್ಸಿಲ್‌ನಿಂದ ಒಂದು ಚುಕ್ಕಿ, ಎರಡು ಚುಕ್ಕಿ ಅಂತ ಇಡುವುದಕ್ಕೆ ಒಪ್ಪಿದರು. ಪೆನ್ಸಿಲ್ ಯಾಕೆಂದರೆ ಆಮೇಲೆ ಬದಲಾಯಿಸಬೇಕಾಗುತ್ತದೆ. ಬದಲಾಯಿಸಿದ್ದೂ ಉಂಟು.

ಬೀರುಗಳನ್ನು ವಿಷಯ ನೋಡಿ ಜೋಡಿಸಿದೆವು. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ ದೊಡ್ಡ ಲೈಬ್ರರಿಗಳಿಗೆ ಸರಿ. ಅದರಲ್ಲಿ ಹಾವಿಗೆ 597.96 ಅಂತ ಜಾಗವಿದೆ. ನಮ್ಮ ಮಕ್ಕಳು ಆ ಸಂಖ್ಯೆ ಹಿಡಿದು ಹಾವು ಹುಡುಕುವುದು ಆಗದ ಮಾತು. ಅದಕ್ಕೆ ‘ಪ್ರಾಣಿಗಳು’, ‘ಯಂತ್ರ ಮತ್ತು ಗಾಡಿಗಳು’, ‘ನಗಿಸುವ ಕಥೆ’, ‘ಹೆದರಿಸುವ ಕಥೆ’, ‘ದೊಡ್ಡವರ ಬದುಕು’, ‘ಮಾಡಿ ನೋಡು’ ಅಂತ ಹೆಸರಿಟ್ಟೆವು. ಪ್ರತಿ ಗುಂಪಿನಲ್ಲೂ ನಾಲ್ಕೂ ಹಂತದ ಪುಸ್ತಕಗಳು ಬೆರೆತಿವೆ. ‘ಪ್ರಾಣಿಗಳು’ ಸಾಲಿನ ಮುಂದೆ ಏಳನೇ ತರಗತಿಯವನು ನಿಂತರೆ ಅವನು ಹಾವಿನ ಪುಸ್ತಕ ಹುಡುಕುತ್ತಿದ್ದಾನೆ ಅಂತಷ್ಟೇ ಕಾಣುತ್ತದೆ. ಎಷ್ಟು ಚುಕ್ಕಿಯದು ತೆಗೆದುಕೊಂಡ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಹಾವು ಅಂದೆನಲ್ಲ, ಅದು ಸುಮ್ನೆ ಕೊಟ್ಟ ಉದಾಹರಣೆ ಅಲ್ಲ. ಏಳನೇ ತರಗತಿಯಲ್ಲಿ ಒಬ್ಬನಿದ್ದ. ಎರಡನೇ ಹಂತದ ಪುಟ ಓದಿಸಿದರೆ ಐವತ್ತರಲ್ಲಿ ಎಂಟು ಹತ್ತು ಪದಗಳಲ್ಲಿ ಎಡವುತ್ತಿದ್ದ. ರಿಜಿಸ್ಟರ್‌ನಲ್ಲಿ ಹೆಸರೇ ಇಲ್ಲದವರ ಪೈಕಿ ಅವನೂ ಒಬ್ಬ. ಹೊಸದಾಗಿ ಜೋಡಿಸಿದ ಮೇಲೆ ಅವನು ತೆಗೆದದ್ದು ಹಾವುಗಳ ಮೇಲಿನ ನಾಲ್ಕನೇ ಹಂತದ ಪುಸ್ತಕ. ‘ವಿಷಗ್ರಂಥಿ’, ‘ಸ್ನಾಯು’, ‘ಶೀತರಕ್ತ’ ಅಂತೆಲ್ಲ ಪದಗಳಿರುವಂಥದ್ದು. ಪಕ್ಕದಲ್ಲಿದ್ದ ಟೀಚರ್ ಅದನ್ನು ಕಿತ್ತುಕೊಂಡು ತೆಳುವಾದದ್ದು ಕೊಡಲು ಹೋದರು. ನಾನು ಬೇಡ ಅಂದೆ.

ಪಕ್ಕದಲ್ಲಿ ಕೂತು ನೋಡಿದೆ. ‘ವಿಷಗ್ರಂಥಿ’ಯ ಮುಂದೆ ನಿಂತ. ‘ವಿಷ...’ ಅಂದ. ಚಿತ್ರ ನೋಡಿದ. ಹಾವಿನ ಕಣ್ಣಿನ ಹಿಂದೆ ಬಾಣದ ಗುರುತು ಹಾಕಿದ್ದರು. ‘ವಿಷದ ಚೀಲ ಟೀಚರ್, ಇಲ್ಲೇ ಇರೋದು’ ಅಂದ. ಆಮೇಲೆ ಒತ್ತು ಬಿಡಿಸಿ ಬಿಡಿಸಿ ‘ಗ್ರಂಥಿ’ ಅಂತ ಓದಿಕೊಂಡ. ಮುಂದಿನ ಪುಟದಲ್ಲಿ ಅದೇ ಪದ ಬಂದಾಗ ನಿಲ್ಲಲೇ ಇಲ್ಲ. ಹಾವು ನಾಲಿಗೆ ಚಾಚುವುದು ವಾಸನೆ ಹಿಡಿಯಲು ಅನ್ನುವುದು ಅವನಿಗೆ ಮೊದಲೇ ಗೊತ್ತು. ಗೊತ್ತಿರುವ ವಿಷಯ ಅಚ್ಚಿನಲ್ಲಿ ಕಂಡರೆ ಅಕ್ಷರದ ಕಷ್ಟ ಅರ್ಧ ಕಳೆಯುತ್ತದೆ. ಬೀರುವಿನಲ್ಲಿದ್ದ ಇನ್ನೊಂದು ಹಳೇ ಪುಸ್ತಕದಲ್ಲಿ ಹಾವು ಪುಂಗಿಯ ನಾದಕ್ಕೆ ಮರುಳಾಗಿ ತಲೆಯಾಡಿಸುತ್ತದೆ ಅಂತಿತ್ತು. ಅದನ್ನೂ ತಂದು ತೋರಿಸಿದ. ‘ಇದು ಸುಳ್ಳು. ಅದು ಪುಂಗಿ ಅಲ್ಲಾಡೋದನ್ನ ನೋಡಿ ಆಡುತ್ತೆ.’ ಅವನು ಹೇಳಿದ್ದೇ ಸರಿ. ಕಸ ತೆಗೆಯುವಾಗ ಆ ಪುಸ್ತಕ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ವಿಷಯ ಮೊದಲೇ ಗೊತ್ತಿದ್ದರೆ ಓದು ಹಗುರಾಗುತ್ತದೆ ಅನ್ನುವುದನ್ನು ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಅನ್ನುವ ಇಬ್ಬರು 1988ರಲ್ಲೇ ತೋರಿಸಿದ್ದರು. 64 ಮಕ್ಕಳಿಗೆ ಬೇಸ್‌ಬಾಲ್ ಆಟವೊಂದರ ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದವರು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಹೆಚ್ಚು ನೆನಪಿಟ್ಟುಕೊಂಡು ಹೇಳಿದರು. ನಾನು ಇಟ್ಟ ಚುಕ್ಕಿಗಳು ಪುಸ್ತಕದ ಅರ್ಧ ಕಥೆ ಮಾತ್ರ ಹೇಳುತ್ತವೆ. ಇನ್ನರ್ಧ ಮಗುವಿನ ತಲೆಯಲ್ಲಿರುತ್ತದೆ. ಅಂದಿನಿಂದ ಲೈಬ್ರರಿಯಲ್ಲಿ ಒಂದು ನಿಯಮ ಮಾಡಿದೆವು. ಒಂದು ಸಲಕ್ಕೆ ಎರಡು ಪುಸ್ತಕ. ಒಂದು ಸಲೀಸಾಗಿ ಓದುವಂಥದ್ದು, ಇನ್ನೊಂದು ಯಾವುದಾದರೂ ಸರಿ. ‘ನಿನಗೆ ಇದು ಕಷ್ಟ ಆಗುತ್ತೆ’ ಅಂತ ಯಾರೂ ಕಿತ್ತುಕೊಳ್ಳುವ ಹಾಗಿಲ್ಲ.

ಸಲೀಸಾದದ್ದನ್ನು ಮಗು ತಾನೇ ಆರಿಸಲು ಬೆರಳಿನ ಪರೀಕ್ಷೆ ಹೇಳಿಕೊಟ್ಟೆ. ಒಂದು ಪುಟ ಓದು, ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಚು. ಐದೂ ಮಡಚಿದರೆ ಪುಸ್ತಕ ಸದ್ಯಕ್ಕೆ ಕಷ್ಟ. ಇದು ಇಂಗ್ಲಿಷ್ ಶಾಲೆಗಳಲ್ಲಿ ಬಹಳ ಹಳೆಯ ಉಪಾಯ. ನಮ್ಮ ಕನ್ನಡ ಪುಸ್ತಕಗಳ ಒಂದು ಪುಟದಲ್ಲಿ ಕೆಲವೊಮ್ಮೆ ಮೂವತ್ತೇ ಪದ ಇರುತ್ತವೆ. ಅಲ್ಲಿ ಐದು ಅಂದರೆ ವಿಪರೀತ ಆಯಿತು. ಮೂರು ಬೆರಳಿಗೆ ಇಳಿಸಿದೆ. ಚಿಕ್ಕವರಿಗೆ ಇದೊಂದು ಆಟ. ಕೆಲವರು ಬೇಕಂತಲೇ ಬೆರಳು ಮಡಚದೆ ಮೋಸ ಮಾಡುತ್ತಾರೆ. ಮಾಡಲಿ, ಪುಸ್ತಕಕ್ಕಾಗಿ ತಾನೇ.

ದೊಡ್ಡ ಮಕ್ಕಳಿಗೆ ಸುಲಭದ ಪುಸ್ತಕ ಹೊಂದಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಮೊದಲ ಎರಡು ಹಂತದ ಪುಸ್ತಕಗಳೆಲ್ಲ ಪುಟಾಣಿಗಳಿಗೇ ಬರೆದವು. ರಟ್ಟಿನ ಮೇಲೆ ಮೊಲ, ಆನೆಮರಿ, ಬಲೂನು. ಹದಿಮೂರು ವರ್ಷದವರಿಗೆ ಅದನ್ನು ಕೊಟ್ಟರೆ ಮುಖಕ್ಕೆ ಹೊಡೆದ ಹಾಗೆ. ಅವರಿಗೆ ಬೇಕಾದದ್ದು ಅವರ ವಯಸ್ಸಿನ ಕುತೂಹಲ, ಸುಲಭದ ಭಾಷೆ, ತೆಳುವಾದ ಪುಸ್ತಕ, ಗಂಭೀರವಾದ ರಟ್ಟು. ಸ್ಕಾಟ್ಲೆಂಡಿನಲ್ಲಿ ಶುರುವಾದ ಬ್ಯಾರಿಂಗ್ಟನ್ ಸ್ಟೋಕ್ ಅನ್ನುವ ಪ್ರಕಾಶನ ಇಂಥ ಪುಸ್ತಕಗಳಿಗೇ ಹೆಸರಾಗಿದೆ. ಡಿಸ್ಲೆಕ್ಸಿಯಾ, ಅಂದರೆ ಓದುವುದರಲ್ಲೇ ತೊಡಕು, ಇರುವ ಮಕ್ಕಳನ್ನೂ ಮನಸ್ಸಿನಲ್ಲಿಟ್ಟು ತಿಳಿ ಹಳದಿ ಛಾಯೆಯ ಕಾಗದ, ಹಿಂದಿನ ಪುಟದ ಅಚ್ಚು ಕಾಣದಷ್ಟು ದಪ್ಪ ಹಾಳೆ, ಸ್ಪಷ್ಟವಾದ ಅಕ್ಷರ ಬಳಸುತ್ತಾರೆ. ಕನ್ನಡದಲ್ಲಿ ನನ್ನ ಕೈಗೆ ಅಂಥದ್ದು ಬಹಳ ಸಿಗಲಿಲ್ಲ. ಸಿಕ್ಕಿದ್ದರಲ್ಲಿ ವಿಜ್ಞಾನಿಗಳ, ಆಟಗಾರರ ಬದುಕಿನ ಕಿರುಪುಸ್ತಕಗಳು, ಚಿತ್ರಕಥೆಗಳು, ‘ಮಾಡಿ ನೋಡು’ ಥರದವು ಈ ಮಕ್ಕಳಿಗೆ ಹಿಡಿಸಿದವು. ಚಿತ್ರಕಥೆಯನ್ನು ಓದು ಅಂತ ಒಪ್ಪದ ಪೋಷಕರೂ ಇದ್ದಾರೆ. ಮಾತಿನ ಗುಳ್ಳೆಯಲ್ಲಿರುವುದೂ ಕನ್ನಡವೇ, ಅದನ್ನೂ ಓದಲೇಬೇಕು ಅಂತ ಹೇಳಿ ಕಳಿಸಿದೆ.

ಸ್ಟೋರಿವೀವರ್‌ನ ಕಥೆಗಳು ಮುಕ್ತ ಪರವಾನಗಿಯಲ್ಲಿರುವುದರಿಂದ ಇಳಿಸಿಕೊಂಡು ಅಚ್ಚು ತೆಗೆಯಬಹುದು. ಒಂದೇ ಕಥೆ ಎರಡು ಭಾಷೆಯಲ್ಲಿ ಸಿಗುವುದು ಇನ್ನೊಂದು ಅನುಕೂಲ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ ಎರಡನ್ನೂ ಪಕ್ಕಪಕ್ಕದಲ್ಲಿ ಹೊಲಿದು ಕೊಟ್ಟೆವು. ಮನೆಯ ಭಾಷೆಯಲ್ಲಿ ಕಥೆ ಗೊತ್ತಾದ ಮೇಲೆ ಕನ್ನಡದ ಪುಟ ಅಷ್ಟು ಅಪರಿಚಿತ ಅನ್ನಿಸುವುದಿಲ್ಲ.

ಪದಗಳೇ ಇಲ್ಲದ ಚಿತ್ರಪುಸ್ತಕಗಳನ್ನು ಮೊದಲ ಹಂತಕ್ಕೂ ಕೆಳಗೆ ಇಡಬೇಕು ಅಂತ ಅಂದುಕೊಳ್ಳುವವರೇ ಜಾಸ್ತಿ. ಹಾಗೇನೂ ಇಲ್ಲ. ಒಂದೇ ಪುಸ್ತಕವನ್ನು ಒಂದನೇ ತರಗತಿಯವರು ‘ಇದು ನಾಯಿ, ಇದು ಮಳೆ’ ಅಂತ ಹೇಳುತ್ತಾರೆ. ಆರನೇ ತರಗತಿಯವರು ಅದಕ್ಕೇ ಎರಡು ಪುಟದ ಕಥೆ ಬರೆಯುತ್ತಾರೆ. ಇವಕ್ಕೆ ನಾನು ಚುಕ್ಕಿಯನ್ನೇ ಹಾಕಿಲ್ಲ.

ಕಣ್ಣು ಸರಿಯಾಗಿ ಕಾಣದ ಒಬ್ಬ ಹುಡುಗಿಗೆ ಹಂತದ ಪ್ರಶ್ನೆಯೇ ಇರಲಿಲ್ಲ. ಬುದ್ಧಿಯಲ್ಲಿ ಎಲ್ಲರಿಗಿಂತ ಮುಂದು, ಅಚ್ಚಿನ ಗಾತ್ರ ಮಾತ್ರ ಅಡ್ಡಿ. ದೊಡ್ಡ ಅಕ್ಷರದ ಪ್ರತಿ ಮಾಡಿಸಿದೆವು. ಆಡಿಯೋ ಪುಸ್ತಕವನ್ನೂ ಕೊಟ್ಟೆವು. ಅಚ್ಚು ಓದಲಾಗದವರಿಗಾಗಿ ಇಂಥ ಪ್ರತಿಗಳನ್ನು ಕಾಪಿರೈಟ್ ಅಡ್ಡಿಯಿಲ್ಲದೆ ಮಾಡಿಕೊಳ್ಳಲು ಅನುವಾಗಲಿ ಅಂತಲೇ 2013ರಲ್ಲಿ ಮರ‍್ರಾಕೆಶ್ ಒಪ್ಪಂದ ಆಯಿತು. ಕೇಳುತ್ತಾ ಪುಟದ ಮೇಲೆ ಕಣ್ಣಾಡಿಸುವುದು ತಡವರಿಸಿ ಓದುವ ಬೇರೆ ಮಕ್ಕಳಿಗೂ ಇಷ್ಟವಾಯಿತು. ಹೆಡ್‌ಫೋನ್‌ಗಾಗಿ ಜಗಳ ಶುರುವಾದದ್ದು ಬೇರೆ ಮಾತು.

ಮೂರನೇ ತರಗತಿಯ ಆ ಹುಡುಗಿಯ ವಿಷಯ ಹೇಳದೆ ಬಿಟ್ಟರೆ ಆಗುವುದಿಲ್ಲ. ಚೆನ್ನಾಗಿ ಓದುವವರ ಬಗ್ಗೆ ನಾವು ಯೋಚಿಸುವುದೇ ಕಡಿಮೆ, ಹೇಗೋ ಓದಿಕೊಳ್ಳುತ್ತಾರೆ ಅಂತ ಬಿಟ್ಟುಬಿಡುತ್ತೇವೆ. ಚೀಟಿ ಕಿತ್ತ ಮೇಲೆ ಅವಳು ನೇರ ನಾಲ್ಕನೇ ಹಂತಕ್ಕೆ ಹಾರಿದಳು. ಪದ ಎಲ್ಲವೂ ಓದಲು ಬರುತ್ತದೆ. ಆದರೆ ಸಾವು, ಯುದ್ಧ, ಮನೆಯೊಳಗಿನ ಹೊಡೆದಾಟ ಇರುವ ಕಾದಂಬರಿಗಳೂ ಅದೇ ಹಂತದಲ್ಲಿದ್ದವು. ಓದಲು ಬರುವುದೂ ಓದಿ ಅರಗಿಸಿಕೊಳ್ಳುವುದೂ ಒಂದೇ ಅಲ್ಲ. ಅವಳಿಗೆ ಬೇಡ ಅನ್ನಲು ಮನಸ್ಸಾಗಲಿಲ್ಲ, ನಿಯಮ ನಾವೇ ಮಾಡಿದ್ದಲ್ಲವಾ. ಅಂಥ ಪುಸ್ತಕ ಕೊಡುವ ಮುಂಚೆ ನಾನು ಓದಿರಬೇಕು, ಅವಳು ವಾಪಸ್ ತಂದಾಗ ಎರಡು ಮಾತಾಡಬೇಕು ಅಂತ ಇಟ್ಟುಕೊಂಡೆ. ಒಂದು ಪುಸ್ತಕವನ್ನು ಅವಳೇ ಅರ್ಧಕ್ಕೆ ತಂದು ಕೊಟ್ಟಳು. ‘ಇದು ಆಮೇಲೆ ಓದ್ತೀನಿ ಟೀಚರ್’ ಅಂದಳು. ಅವಳ ಹೆಸರಿನ ಮುಂದೆ ಹಾಗೆಯೇ ಬರೆದುಕೊಂಡೆ. ಅವಳಿಗೆ ಸರಿಹೊಂದಿದ್ದು ದಪ್ಪ ದಪ್ಪ ಜಾನಪದ ಕಥೆಗಳ ಸಂಪುಟ ಮತ್ತು ವಿಜ್ಞಾನದ ಪುಸ್ತಕಗಳು. ಭಾಷೆ ಕಷ್ಟ, ವಿಷಯ ವಯಸ್ಸಿಗೆ ಹಗುರ.

ಇಷ್ಟೆಲ್ಲ ಆದಮೇಲೆ ರಿಜಿಸ್ಟರ್‌ನಲ್ಲಿ ಹೆಸರುಗಳು ಬರತೊಡಗಿದವು. ಎಲ್ಲರದೂ ಅಲ್ಲ. ಈಗಲೂ ಪುಸ್ತಕ ಅಂದರೆ ಮಾರು ದೂರ ಓಡುವವರಿದ್ದಾರೆ. ವಿಷಯದ ಪ್ರಕಾರ ಪುಸ್ತಕ ವಾಪಸ್ ಇಡುವುದು ಮಕ್ಕಳಿಗೆ ಬೇಗ ಕೈಹತ್ತಿತು, ಟೀಚರ್‌ಗಳಿಗೆ ಇನ್ನೂ ಇಲ್ಲ.

ಜೋಡಿಸಿ ಮುಗಿದ ಮೇಲೆ ತೂತುಗಳು ಕಾಣಿಸಿದವು. ಕಥೆಗಳಲ್ಲಿ ನಾಲ್ಕೂ ಹಂತಕ್ಕೆ ಪುಸ್ತಕಗಳಿವೆ. ಮಾಹಿತಿ ಪುಸ್ತಕಗಳಲ್ಲಿ ಮೊದಲ ಹಂತ ಇದೆ, ‘ಇದು ಕಪ್ಪೆ, ಇದು ಮೀನು’ ಅನ್ನುವಂಥವು. ನಾಲ್ಕನೇ ಹಂತವೂ ಇದೆ. ನಡುವಿನ ಎರಡು ಹಂತ ಖಾಲಿ. ಸುಲಭದ ಕನ್ನಡದಲ್ಲಿ ನಿಜವಾದ ಮಾಹಿತಿ ಹೇಳುವ ಪುಸ್ತಕ ಕೊಳ್ಳಲು ಹೋದರೆ ಸಿಗುವುದು ಬಹಳ ಕಡಿಮೆ. ಹಾಗಾಗಿ ನಾವೇ ಬರೆಯೋಣ ಅಂತ ಹೊರಟೆವು. ಹಾವಿನ ಹುಡುಗನೇ ಮೊದಲ ಲೇಖಕ. ಅವನು ಹೇಳಿದ್ದನ್ನು ಒಬ್ಬಳು ಬರೆದುಕೊಂಡಳು, ಇನ್ನೊಬ್ಬ ಚಿತ್ರ ಹಾಕಿದ. ಆಮೇಲೆ ಮೂವರೂ ಕೂತು ಕಷ್ಟದ ಪದ ತೆಗೆಯತೊಡಗಿದರು. ‘ಬೇಟೆಯನ್ನು ಇಡಿಯಾಗಿ ನುಂಗುತ್ತದೆ’ ಹಾಗೇ ಉಳಿಯಿತು. ‘ದವಡೆಯ ಮೂಳೆಗಳು ಸಡಿಲವಾಗಿ ಬಂಧಿಸಲ್ಪಟ್ಟಿರುತ್ತವೆ’ ಅಂತ ಎಲ್ಲಿಂದಲೋ ಬಂದಿತ್ತು. ಅದು ‘ದವಡೆಯ ಮೂಳೆ ಸಡಿಲ. ಅದಕ್ಕೇ ಬಾಯಿ ಅಗಲವಾಗಿ ತೆರೆಯುತ್ತದೆ’ ಅಂತಾಯಿತು. ‘ವಿಷಗ್ರಂಥಿ’ಯ ಮೇಲೆ ಜಗಳವೇ ಆಯಿತು. ‘ವಿಷದ ಚೀಲ’ ಅಂತ ಹಾಕೋಣ ಅಂದಳು ಬರೆಯುವವಳು. ಅವನು ಒಪ್ಪಲಿಲ್ಲ. ‘ಅದರ ಹೆಸರು ಅದೇ ಕಣೇ. ಚಿತ್ರ ಹಾಕಿ ಪಕ್ಕದಲ್ಲಿ ಬರೆದರೆ ಓದ್ತಾರೆ ಬಿಡು, ನಾನು ಓದಿಲ್ವಾ?’ ಹಾಗೇ ಉಳಿಸಿಕೊಂಡರು. ಎರಡನೇ ತರಗತಿಯವರಿಗೆ ಓದಿಸಿ ನೋಡಿದೆವು. ಆ ಪದದಲ್ಲಿ ಎಲ್ಲರೂ ಎಡವಿದರು, ಎಲ್ಲರೂ ಚಿತ್ರ ನೋಡಿ ದಾಟಿದರು.

ಆ ಕಿರುಪುಸ್ತಕಕ್ಕೆ ಅಕ್ಸೆಷನ್ ನಂಬರ್, ಅಂದರೆ ಲೈಬ್ರರಿಯ ದಾಖಲೆ ಸಂಖ್ಯೆ, ಕೊಟ್ಟು ‘ಪ್ರಾಣಿಗಳು’ ಸಾಲಿನಲ್ಲಿ ಇಟ್ಟಿದ್ದೇವೆ, ಒಳಗೆ ಎರಡು ಚುಕ್ಕಿ. ಈಗ ಜೇಡ ಮತ್ತು ಕಪ್ಪೆಯ ಮೇಲೆ ಕೆಲಸ ನಡೆಯುತ್ತಿದೆ. ಇಂಜಿನ್ ಹೇಗೆ ಓಡುತ್ತದೆ ಅಂತ ಕೇಳಿಕೊಂಡು ಬರುವವರು ಬಹಳ ಜನ ಇದ್ದಾರೆ. ಅದನ್ನು ಎರಡನೇ ಹಂತದಲ್ಲಿ ಬರೆಯಲು ಇನ್ನೂ ಯಾರೂ ಮುಂದೆ ಬಂದಿಲ್ಲ.